ಹಿಮ ಗುಡ್ಡ ಬಿಟ್ಟ ವರ್ಷ

ಔಲು, 3 ನವೆಂಬರ್ 1997

ಮಾನ್ಯ ತೌನೊ ಕೈವೊಲಾ ಅವರಿಗೆ,
ನಿವೃತ್ತ ಶಿಕ್ಷಕರು, ಸವಿಕುಲ್ಮಾ.

ವಿಶ್ವವಿದ್ಯಾಲಯದ ಕಾಗದದ ಮೇಲೆ ಬರೆಯುತ್ತಿರುವುದಕ್ಕೆ ಕಾರಣ, ವಿಷಯ ವಿಶ್ವವಿದ್ಯಾಲಯದ್ದೇ. ಬೇರೆ ಯಾವುದನ್ನೂ ಇದರಲ್ಲಿ ಸೇರಿಸುವ ಉದ್ದೇಶ ನನಗಿಲ್ಲ.

ಹೋದ ವರ್ಷ ಅಕ್ಟೋಬರ್‌ನಲ್ಲಿ ನಿಮ್ಮೂರಿನ ಗುಡ್ಡದ ಮೇಲಿನ ಒಂದು ಬಂಡೆಯಿಂದ ಚಕ್ಕೆಯೊಂದನ್ನು ತೆಗೆದುಕೊಂಡು ಬಂದಿದ್ದೆ. ಹಿಮ ಹಿಂದೆ ಸರಿದು ಬಂಡೆ ಬಯಲಿಗೆ ಬಿದ್ದ ದಿನದಿಂದ ಆಕಾಶದ ಕಿರಣಗಳು ಅದರೊಳಗೆ ಒಂದು ಅಪರೂಪದ ಧಾತುವನ್ನು ಕಣಕಣವಾಗಿ ಹುಟ್ಟಿಸುತ್ತಾ ಹೋಗುತ್ತವೆ. ಮೇಲ್ಮೈಯಲ್ಲಿ ಹೆಚ್ಚು, ಒಳಗೆ ಹೋದಷ್ಟೂ ಕಡಿಮೆ. ಅದನ್ನು ಅಳೆದರೆ ಬಂಡೆ ಎಷ್ಟು ಕಾಲದಿಂದ ಬಯಲಲ್ಲಿದೆ ಎಂದು ತಿಳಿಯುತ್ತದೆ. ನೀವು ಇದರ ಬಗ್ಗೆ ಓದಿಯೇ ಇರುತ್ತೀರಿ.

ಫಲಿತಾಂಶ ಹೋದ ವಾರ ಬಂತು. ಒಂಬತ್ತು ಸಾವಿರದ ಒಂಬೈನೂರು ವರ್ಷ, ಮುನ್ನೂರು ಆಚೀಚೆ. ನಿಮ್ಮ ಜೇಡಿಮಣ್ಣಿನ ಎಣಿಕೆಯ ಪ್ರಕಾರ ಹಿಮ ಆ ಗುಡ್ಡ ಬಿಟ್ಟಿದ್ದು ಹನ್ನೊಂದು ಸಾವಿರದ ಏಳುನೂರ ಎಂಬತ್ತು ವರ್ಷಗಳ ಹಿಂದೆ. ಎರಡೂ ಸರಿಯಾಗಿರಲು ಸಾಧ್ಯವಿಲ್ಲ.

ನಿಮ್ಮ ಎಣಿಕೆಯನ್ನು ಇನ್ನು ಮುಂದೆ ಬಳಸಬಾರದು ಎಂದು ನನ್ನ ಪಿಎಚ್.ಡಿ. ಪ್ರಬಂಧದಲ್ಲಿ ಬರೆಯುತ್ತಿದ್ದೇನೆ. ಮೇ ತಿಂಗಳಲ್ಲಿ ಬಹಿರಂಗ ಪರೀಕ್ಷೆ. ಅಚ್ಚಾದ ಮೇಲೆ ಬೇರೆಯವರ ಬಾಯಿಂದ ತಿಳಿಯುವುದಕ್ಕಿಂತ ಮೊದಲೇ ತಿಳಿಸುವುದು ಸೌಜನ್ಯ ಎನಿಸಿತು. ತಪ್ಪು ಎಲ್ಲಿ ನುಸುಳಿರಬಹುದು ಎಂದು ನಿಮಗೆ ತೋಚಿದರೆ ಬರೆದು ಕಳಿಸಿ.

ಇಂತಿ ವಿಶ್ವಾಸಿ,
ವಿರ್ಪಿ ಕೈವೊಲಾ


ಸವಿಕುಲ್ಮಾ, 12 ನವೆಂಬರ್ 1997

ವಿರ್ಪಿ,

ಮೂವತ್ತನಾಲ್ಕು ವರ್ಷಗಳಲ್ಲಿ ನಿನ್ನಿಂದ ಬಂದದ್ದು ಕ್ರಿಸ್‌ಮಸ್ ಕಾರ್ಡುಗಳು ಮಾತ್ರ. ಅವುಗಳಲ್ಲಿ ‘ಅಪ್ಪ’ ಎಂದೂ ಇರುತ್ತಿರಲಿಲ್ಲ, ‘ಮಾನ್ಯ’ ಎಂದೂ ಇರುತ್ತಿರಲಿಲ್ಲ. ಹಾಗಾಗಿ ಇದನ್ನು ಬಡ್ತಿ ಎಂದೇ ತಿಳಿದುಕೊಂಡೆ.

ಫೋನ್ ಮಾಡದೆ ಬರೆದದ್ದು ಒಳ್ಳೆಯದಾಯಿತು. ನನ್ನ ಕಿವಿಗೆ ಈಗ ಸಂಖ್ಯೆಗಳು ಸರಿಯಾಗಿ ಬೀಳುವುದಿಲ್ಲ. ಈ ಸಂಖ್ಯೆಯನ್ನಂತೂ ಕಣ್ಣಿನಿಂದ ನೋಡಿಯೂ ನಂಬಲಾಗಲಿಲ್ಲ.

ನೀನು ಬಂದಿದ್ದು ನನಗೆ ಆಗಲೇ ಗೊತ್ತಿತ್ತು. ಪಕ್ಕದ ಮನೆಯ ಲೆಂಪಿಗೆ ಎಂಬತ್ತೊಂದಾದರೂ ಕಣ್ಣು ಚುರುಕು. ತಾನು ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ನೋಡಿದಳಂತೆ. ನೇರ ನನ್ನ ಅಡುಗೆಮನೆಗೆ ಬಂದು ಶುರು ಮಾಡಿದಳು: "ಏನೋ ತೌನೊ, ನಿನ್ ಮಗ್ಳು ಉಳಿ ಸುತ್ತಿಗೆ ಹಿಡ್ಕೊಂಡು ಗುಡ್ಡದ್ ಮೇಲೆ ಓಡಾಡ್ತಿದ್ಳಲ್ಲೋ! ಫ್ಲಾಸ್ಕಿಂದ ಕಾಫಿ ಬಗ್ಗಿಸ್ಕೊಂಡು ಒಬ್ಳೇ ಕುಡೀತಿದ್ಳು. ಯಾಕೆ, ನಿಮ್ಮನೇಲಿ ಕಾಫಿಪುಡಿ ಖರ್ಚಾಗೋಗಿತ್ತಾ?" ಬೇರೆ ಯಾರೋ ಇರಬೇಕು ಎಂದೆ. "ಆ ನಡಿಗೆ ನಿಂದೇ ಕಣೋ, ಬೇರೆಯವ್ರದ್ದು ಹೆಂಗಾಗತ್ತೆ?" ಎಂದಳು. ಆ ದಿನ ಸಂಜೆಯವರೆಗೂ ಪಾತ್ರೆಯಲ್ಲಿ ಕಾಫಿ ಬಿಸಿಯಾಗಿಯೇ ಇಟ್ಟಿದ್ದೆ. ನೀನು ಬರಲಿಲ್ಲ. ಬೇಜಾರಾಯಿತು, ಅಷ್ಟೆ.

ಎಣಿಕೆಯ ವಿಚಾರ. ಹಿಮ ಕರಗಿದ ನೀರು ಬೇಸಿಗೆಯಲ್ಲಿ ತೆಳುಬಣ್ಣದ ಮಣ್ಣು ತಂದು ಹಾಕಿತು, ಚಳಿಗಾಲದಲ್ಲಿ ಅದರ ಮೇಲೆ ಕಪ್ಪು ಜೇಡಿ ಕೂತಿತು. ಎರಡೂ ಸೇರಿ ಒಂದು ಪದರ, ಒಂದು ವರ್ಷ. ಇಟ್ಟಿಗೆ ಕಾರ್ಖಾನೆಯವರು ಜೇಡಿ ತೆಗೆದ ಗುಂಡಿಯ ಗೋಡೆಯನ್ನು ಮೀನು ಕೊಯ್ಯುವ ಚಾಕುವಿನಿಂದ ಹೆರೆದು, ಕಾಗದದ ಪಟ್ಟಿ ಒತ್ತಿ ಹಿಡಿದು, ಪ್ರತಿ ಪದರಕ್ಕೂ ಪೆನ್ಸಿಲ್ಲಿನಲ್ಲಿ ಗೆರೆ ಎಳೆಯಬೇಕು. 1949ರಿಂದ ಇಟ್ಟಿಗೆ ಕಾರ್ಖಾನೆ ಮುಚ್ಚಿದ 1980ರವರೆಗೆ ಶಾಲೆಗೆ ರಜೆ ಬಿಟ್ಟ ಕೂಡಲೇ ಮಾಡಿದ್ದು ಅದನ್ನೇ. ಮೂವತ್ತೊಂದು ಬೇಸಿಗೆ, ಸಾವಿರದ ನಾನೂರ ಅರವತ್ತಮೂರು ಪದರ. ಅದನ್ನು ಸ್ವೀಡನ್ನಿನವರು ಇಂದಿನವರೆಗೂ ಎಣಿಸಿಟ್ಟ ಪದರಗಳ ಪಟ್ಟಿಗೆ ಜೋಡಿಸಿದಾಗ ಬಂದದ್ದು ನೀನು ಬರೆದ ಆ ಹನ್ನೊಂದು ಸಾವಿರ ಚಿಲ್ಲರೆ. ಆ ಕಾಗದದ ಪಟ್ಟಿಯನ್ನು ಊರವರು ಸಮುದಾಯ ಭವನದ ಮೂರು ಗೋಡೆಗೆ ಸುತ್ತ ಅಂಟಿಸಿದ್ದಾರೆ. ಮದುವೆಗೆ ಬಂದವರು ಅದರ ಕೆಳಗೇ ಕೂತು ಊಟ ಮಾಡುತ್ತಾರೆ.

ನನಗೆ ಆಸ್ತಿ ಎಂದು ಇರುವುದು ಅದೊಂದೇ. ಅದು ತಪ್ಪಾಗಿದ್ದರೆ ನನ್ನ ಜೀವಮಾನದಲ್ಲೇ ನನಗೆ ತಿಳಿಯಲಿ. ಈ ಚಳಿಗಾಲ ಮತ್ತೆ ಎಣಿಸುತ್ತೇನೆ. ಒಂದು ಪ್ರಶ್ನೆ: ಗುಡ್ಡದ ಮೇಲೆ ದೊಡ್ಡ ಬಂಡೆಗಳು ಎಂಟಿವೆ. ನೀನು ಚಕ್ಕೆ ಎಬ್ಬಿಸಿದ್ದು ಯಾವುದರಿಂದ?

ನಿನ್ನ ಅಪ್ಪ,
ತೌನೊ


ಔಲು, 1 ಡಿಸೆಂಬರ್ 1997

ತೌನೊ ಅವರಿಗೆ,

ಬಂಡೆಯ ಸಂಖ್ಯೆ ನಾಲ್ಕು. ಎಂಟನ್ನೂ ನೋಡಿ, ಅಳೆದು, ಅತ್ಯುತ್ತಮವಾದುದನ್ನೇ ಆರಿಸಿದ್ದೇನೆ. ಒಂದನ್ನೇ ಅಳೆಸಲು ಅವಕಾಶವಿತ್ತು, ಆದ್ದರಿಂದ ಆಯ್ಕೆಯಲ್ಲಿ ಇಡೀ ಒಂದು ದಿನ ಕಳೆದೆ. ನನ್ನ ಕೆಲಸ ನನಗೆ ಗೊತ್ತಿದೆ.

ನಿಮ್ಮ ಮನೆಗೆ ಬರಲಿಲ್ಲ, ನಿಜ. ಬಸ್ಸು ನಾಲ್ಕೂವರೆಗಿತ್ತು ಎಂದು ಬರೆಯಬಹುದು. ಬಸ್ಸು ನಾಲ್ಕೂವರೆಗೇ ಇತ್ತು. ಆದರೆ ನನಗೆ ಬರಲು ಮನಸ್ಸಿರಲಿಲ್ಲ, ಅದೇ ಕಾರಣ.

ಸವಿಕುಲ್ಮಾದ ಬಗ್ಗೆ ನನಗೆ ನೆನಪಿರುವುದು ಎರಡೇ ಸಂಗತಿ. ಹಜಾರದ ನೆಲದ ಮೇಲೆ ಉದ್ದಕ್ಕೆ ಹಾಸಿದ ಕಾಗದದ ಪಟ್ಟಿ. "ದಾಟ್‌ಬೇಡ, ಸುತ್ತಿಕೊಂಡು ಹೋಗು" ಎನ್ನುವ ನಿಮ್ಮ ದನಿ. ಆರು ವರ್ಷದವಳು ತನ್ನ ಮನೆಯಲ್ಲೇ ಗೋಡೆಗೆ ಬೆನ್ನು ಒರೆಸಿಕೊಂಡು ನಡೆಯುತ್ತಿದ್ದಳು. ಅಮ್ಮ ನನ್ನನ್ನು ಕರೆದುಕೊಂಡು ಉತ್ತರಕ್ಕೆ ಹೊರಟಾಗ ಬಾಗಿಲ ತನಕ ಬಂದವರು ನೀವು. ಆಮೇಲೆ ಬರಲಿಲ್ಲ. ಎಣಿಸುವ ಕೆಲಸ ಬಾಕಿಯಿತ್ತು ಎಂದುಕೊಂಡೆ.

ನನ್ನ ಮಾರ್ಗದರ್ಶಕರು ಹೋದ ವಾರ ಕೇಳಿದರು, "ನಿಮ್ ತಂದೆ ಲೆಕ್ಕ ತಪ್ಪು ಅಂತ ಬರೆಯೋವಾಗ ಒಳಗೊಳಗೇ ಖುಷಿ ಆಗ್ತಿದ್ಯಾ?" ಇಲ್ಲ ಎಂದೆ. ಸುಳ್ಳು ಹೇಳಿದೆ. ಆದರೆ ಖುಷಿಯಾಗುತ್ತದೆ ಎಂದ ಮಾತ್ರಕ್ಕೆ ಸಂಖ್ಯೆ ಬದಲಾಗುವುದಿಲ್ಲ.

ವಿರ್ಪಿ ಕೈವೊಲಾ


ಸವಿಕುಲ್ಮಾ, 6 ಜನವರಿ 1998

ವಿರ್ಪಿ,

ನಿನ್ನ ಪತ್ರಕ್ಕೆ ಒಂದು ತಿಂಗಳು ಉತ್ತರ ಬರೆಯಲಿಲ್ಲ. ಸಿಟ್ಟಿನಿಂದಲ್ಲ. ನೀನು ಗೋಡೆಗೆ ಅಂಟಿಕೊಂಡು ನಡೆಯುತ್ತಿದ್ದುದು ನನಗೆ ನೆನಪೇ ಇರಲಿಲ್ಲ. ಓದಿದ ಮೇಲೆ ಮಾತ್ರ ಮರೆಯಲಾಗುತ್ತಿಲ್ಲ.

ಪಟ್ಟಿಯನ್ನು ಗೋಡೆಯಿಂದ ಇಳಿಸದೆ, ಏಣಿ ಹಾಕಿಕೊಂಡು, ಭೂತಗನ್ನಡಿ ಹಿಡಿದು ಮೂರು ಸಲ ಎಣಿಸಿದೆ. ಎರಡು ಸಲ ಸಾವಿರದ ನಾನೂರ ಅರವತ್ತಮೂರು. ಒಂದು ಸಲ ಅರವತ್ತೆರಡು, ಅದು ಲೆಂಪಿ ನಡುವೆ ಬಂದು ಮಾತಾಡಿಸಿದ್ದರಿಂದ. "ಇಳಿಯೋ ಮುದಿಯಾ, ಬಿದ್ದು ಸೊಂಟ ಮುರ್ಕೊಂಡ್ರೆ ನಿಂಗೆ ಸೂಪು ಕುಡ್ಸೋರು ಯಾರು? ಹಿಮ ಹೋಗಿ ಆಯ್ತು, ಇನ್ನು ವಾಪಸ್ ಬರಲ್ಲ" ಎಂದು ಏಣಿ ಅಲ್ಲಾಡಿಸಿದಳು.

ನನಗೆ ಸಾವಿರದ ಒಂಬೈನೂರು ವರ್ಷ ಎಲ್ಲಿಂದಲೂ ಕಳೆಯಲಾಗಲಿಲ್ಲ. ಐದೋ ಹತ್ತೋ ಹೆಚ್ಚುಕಮ್ಮಿ ಎಂದರೆ ಒಪ್ಪುತ್ತೇನೆ. ಕುಡಿದು ಎಣಿಸಿದರೂ ಅಷ್ಟು ತಪ್ಪುವುದಿಲ್ಲ. ಆದರೆ ನಿನ್ನ ಯಂತ್ರಕ್ಕೆ ನನ್ನ ಮೇಲೆ ಹಗೆಯಿಲ್ಲವಲ್ಲ. ಅದು ಹೇಳಿದ್ದನ್ನು ನೀನು ಬರೆಯಬೇಕು. ಬರೆ. ಮೇ ತಿಂಗಳಲ್ಲಿ ಪರೀಕ್ಷೆ ಮುಗಿದ ಮೇಲೆ ಪಟ್ಟಿಯನ್ನು ನಾನೇ ಗೋಡೆಯಿಂದ ಕಿತ್ತು ತೆಗೆಯುತ್ತೇನೆ. ಭವನದ ಕಾರ್ಯದರ್ಶಿಗೆ ಹೇಳಿಯಾಗಿದೆ.

ನಾಲ್ಕು ಎಂದರೆ ಯಾವ ಬಂಡೆ ಎಂದು ನನಗೆ ತಿಳಿಯಲಿಲ್ಲ. ನಾವು ಅವಕ್ಕೆ ಸಂಖ್ಯೆ ಕೊಟ್ಟಿಲ್ಲ. ಅಲ್ಲಿ ನೀನು ಬರೆದುಕೊಂಡ ಹಾಳೆಯ ಒಂದು ಪ್ರತಿ ಕಳಿಸುತ್ತೀಯಾ? ಜಗಳಕ್ಕಲ್ಲ. ನನ್ನನ್ನು ಸೋಲಿಸಿದ ಕಲ್ಲು ಯಾವುದು ಎಂದು ಹೋಗಿ ನೋಡಿಬರಬೇಕು ಎನಿಸಿದೆ.

ಅಪ್ಪ


ಔಲು, 19 ಜನವರಿ 1998

ತೌನೊ ಅವರಿಗೆ,

ಕೇಳಿದ ಹಾಳೆಯನ್ನು ಇಲ್ಲಿ ನಕಲು ಮಾಡಿದ್ದೇನೆ.

"ಬಂಡೆ 4. ಗುಡ್ಡದ ನೆತ್ತಿ, ಪೂರ್ವದ ತುದಿ. ಎತ್ತರ ಎರಡು ಮೀಟರ್, ಮೇಲ್ಭಾಗ ಚಪ್ಪಟೆ. ಪಾಚಿ, ಕಲ್ಲುಹೂವು ಏನೂ ಇಲ್ಲ. ಮೇಲ್ಮೈ ಬಹಳ ಸ್ವಚ್ಛ, ಅಲ್ಲಲ್ಲಿ ಕೆಂಪು ಛಾಯೆ, ಕಬ್ಬಿಣದ ಅಂಶದಿಂದ ಇರಬಹುದು. ನಡುವೆ ಹಳೆಯ ಕಬ್ಬಿಣದ ಗೂಟ, ಮೋಜಣಿಯವರು ನೆಟ್ಟದ್ದಿರಬೇಕು. ಉಳಿದ ಏಳೂ ಪಾಚಿಗಟ್ಟಿವೆ. ಇದೇ ಉತ್ತಮ."

ಪಟ್ಟಿಯನ್ನು ಕೀಳುವ ಅಗತ್ಯವಿಲ್ಲ. ಅದು ಚೆನ್ನಾಗಿ ಕಾಣುತ್ತದೆ ಎಂದರೆ ಇರಲಿ.

ವಿರ್ಪಿ


ಸವಿಕುಲ್ಮಾ, 2 ಫೆಬ್ರವರಿ 1998

ವಿರ್ಪಿ,

ಇದು ನಾಲ್ಕನೆಯ ಪ್ರಯತ್ನ. ಮೂರು ಪತ್ರ ಬರೆದು ಒಲೆಗೆ ಹಾಕಿದೆ.

ಆ ಗೂಟ ಮೋಜಣಿಯವರದ್ದಲ್ಲ. ನನ್ನದು. 1952ರಲ್ಲಿ ನಾನೂ ಕಮ್ಮಾರ ಕೌಕೊನೂ ಸೇರಿ ಕೊರೆದು ಕೂರಿಸಿದ್ದು. ಯುಹಾನ್ನುಸ್ ಹಬ್ಬದ ಬೆಂಕಿಗೆ ಸೌದೆ ಪೇರಿಸುವಾಗ ನಡುಗಂಬ ಜಾರದಿರಲಿ ಎಂದು. ನೀನು ಆರಿಸಿದ್ದು ಬೆಂಕಿಬಂಡೆಯನ್ನು. ನಡುಬೇಸಿಗೆಯ ಆ ಸಂಜೆ ಇಡೀ ಊರು ಅದರ ಸುತ್ತ ಸೇರುತ್ತದೆ. ಬಂಡೆಯ ನೆತ್ತಿಯ ಮೇಲೆ ಮನೆಯೆತ್ತರ ಸೌದೆ ಉರಿಯುತ್ತದೆ. ಲೆಂಪಿಯ ಅಜ್ಜನ ಕಾಲದಲ್ಲೂ ಉರಿಯುತ್ತಿತ್ತು, ಅವನ ಅಜ್ಜನ ಕಾಲದಲ್ಲೂ. ಪ್ರತಿ ಸಲ ಕಲ್ಲು ಸಿಡಿದು ಹಪ್ಪಳದಂಥ ಚಕ್ಕೆಗಳು ಏಳುತ್ತವೆ. ಮಾರನೆಯ ಬೆಳಗ್ಗೆ ಬೂದಿಯ ಜೊತೆ ಗುಡಿಸಿ ದಾರಿಯ ಗುಂಡಿಗಳಿಗೆ ಸುರಿಯುವ ಕೆಲಸ ನನ್ನದು. ಹೋದ ವರ್ಷಕ್ಕೂ ಹಿಂದಿನ ಎರಡು ಬೇಸಿಗೆ ಬರಗಾಲವೆಂದು ಅಗ್ನಿಶಾಮಕದವರು ಬೆಂಕಿಗೆ ಬಿಟ್ಟಿರಲಿಲ್ಲ. ನೀನು ಬಂದಾಗ ಮಸಿ ಎಲ್ಲ ಮಳೆಗೆ ತೊಳೆದುಹೋಗಿರಬೇಕು.

ನಿನ್ನೆ ಹಿಮ ಕೆರೆದು ಬಂಡೆ ಹತ್ತಿ ಅಳೆದೆ. ಗೂಟವನ್ನು ಕಲ್ಲಿನ ಮಟ್ಟಕ್ಕೇ ಬಡಿದಿದ್ದೆವು. ಈಗ ಅದು ಮೂರು ಸೆಂಟಿಮೀಟರ್ ನಾಲ್ಕು ಮಿಲಿಮೀಟರ್ ಎದ್ದು ನಿಂತಿದೆ. ನಲವತ್ತನಾಲ್ಕು ಬೆಂಕಿಗೆ ಅಷ್ಟು ಸವೆತ. ನೂರೈವತ್ತು ಬೆಂಕಿಗೆ ಅರ್ಧ ಗೇಣಿಗಿಂತ ಹೆಚ್ಚು. ಮೇಲ್ಮೈಯಲ್ಲಿ ಹೆಚ್ಚು, ಒಳಗೆ ಹೋದಷ್ಟೂ ಕಡಿಮೆ ಎಂದು ನೀನೇ ಬರೆದಿದ್ದೀಯ. ನೀನು ಅಳೆದದ್ದು ಬಂಡೆಯ ಒಳಗನ್ನು. ಮಿಕ್ಕ ಲೆಕ್ಕ ನಿನಗೆ ನನಗಿಂತ ಚೆನ್ನಾಗಿ ಬರುತ್ತದೆ.

ಯಾರೇ ಆಗಲಿ ಅದೊಂದನ್ನು ಬಿಟ್ಟು ಮಿಕ್ಕ ಏಳರಲ್ಲಿ ಒಂದನ್ನು ಆರಿಸುತ್ತಾರೆ ಎಂದುಕೊಂಡಿದ್ದೆ. ಈ ಊರಲ್ಲಿ ಬೆಳೆದ ಮಗುವಿಗೂ ಅದು ಗೊತ್ತು. ನೀನು ಈ ಊರಲ್ಲಿ ಬೆಳೆಯಲಿಲ್ಲ ಎನ್ನುವುದು ಆ ಹೊತ್ತಿಗೆ ನನ್ನ ತಲೆಗೆ ಹೊಳೆಯಲಿಲ್ಲ.

ಮೂರು ಪತ್ರ ಏಕೆ ಸುಟ್ಟೆ ಎಂದರೆ, ಇದನ್ನು ಹೇಳಿದರೆ ಮೇ ತಿಂಗಳಲ್ಲಿ ನಿನ್ನ ಪರೀಕ್ಷೆ ನಡೆಯುವುದಿಲ್ಲ. ಹೇಳದಿದ್ದರೆ ನೀನು ಡಾಕ್ಟರ್ ಆಗುತ್ತೀಯ, ನನ್ನದೊಂದು ಕಾಗದ ಗೋಡೆಯಿಂದ ಇಳಿಯುತ್ತದೆ. ಎಪ್ಪತ್ತಾರರ ಮುದುಕನಿಗೆ ಅದೇನು ದೊಡ್ಡ ನಷ್ಟವಲ್ಲ ಎಂದು ಎರಡು ದಿನ ನನಗೆ ನಾನೇ ಹೇಳಿಕೊಂಡೆ. ಆದರೆ ಮುಂದೊಂದು ದಿನ ಯಾರೋ ಹಬ್ಬಕ್ಕೆ ಬಂದವನು ಆ ಬೆಂಕಿ ನೋಡಿ ಇದನ್ನೇ ಹೇಳುತ್ತಾನೆ. ಆಗ ನಗೆಪಾಟಲಾಗುವವಳು ನೀನು. ಹಾಗಾಗಿ ಹೇಳಿದೆ.

ಅಪ್ಪ


ಔಲು, 9 ಫೆಬ್ರವರಿ 1998

ತೌನೊ ಅವರಿಗೆ,

ನಿಮ್ಮ ಪತ್ರ ಓದಿದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಹಬ್ಬದ ಬೆಂಕಿಯನ್ನು ನೀರಿನ ಅಂಚಿನಲ್ಲಲ್ಲದೆ ಬೇರೆಲ್ಲಿ ಹಚ್ಚುತ್ತಾರೆ? ಇಲ್ಲಿ ಕಡಲ ದಂಡೆಯಲ್ಲೇ ಹಚ್ಚುವುದು. ಗುಡ್ಡದ ಮೇಲೆ ಹಚ್ಚುವ ಊರಿದೆ ಎಂದು ನನಗೆ ಗೊತ್ತಿರಲಿಲ್ಲ, ಅದು ನಾನು ಹುಟ್ಟಿದ ಊರೇ ಎಂದಂತೂ ನೆನಪೇ ಇರಲಿಲ್ಲ. ಅಂದು ನಿಮ್ಮಲ್ಲಿ ಒಂದು ಲೋಟ ಕಾಫಿ ಕುಡಿದಿದ್ದರೆ ಹತ್ತು ನಿಮಿಷದಲ್ಲಿ ಈ ಮಾತು ಬಂದುಹೋಗುತ್ತಿತ್ತು. ಲೆಂಪಿ ಅಜ್ಜಿಯೇ ಬಾಗಿಲಲ್ಲಿ ನಿಂತು ಬೈಯುತ್ತಿದ್ದರು.

ಮಾರ್ಗದರ್ಶಕರಿಗೆ ಹೇಳಿದೆ. ಅವರು ನಗಲಿಲ್ಲ, ಅದೊಂದು ಪುಣ್ಯ. ಪರೀಕ್ಷೆಯನ್ನು ಒಂದು ವರ್ಷ ಮುಂದಕ್ಕೆ ಹಾಕಿದ್ದಾರೆ. ಬೇರೆ ಬಂಡೆ ಅಳೆಸಬೇಕು. ಅದಲ್ಲದೆ ಪ್ರಬಂಧಕ್ಕೆ ಈಗ ನಿಮ್ಮ ಎಣಿಕೆಯನ್ನೇ ಆಧಾರವಾಗಿ ಇಟ್ಟುಕೊಳ್ಳಬೇಕು ಎಂದರು. "ಅದು ನೆಟ್ಟಗಿದ್ರೆ ಇಡೀ ದಕ್ಷಿಣದ ಕಾಲಮಾನ ಅದರ ಮೇಲೇ ನಿಲ್ಲತ್ತೆ. ಆದ್ರೆ ಅವರಿಂದ ಸಹಿ ಹಾಕಿಸ್ಕೊಂಡು ಬನ್ನಿ" ಎಂದರು. ಹಾಳೆ ಇದರೊಂದಿಗಿದೆ. ಒಂದೇ ವಾಕ್ಯ: "ಇಲ್ಲಿರುವ ಪ್ರತಿ ಪದರವನ್ನೂ ನಾನು ಕಣ್ಣಾರೆ ಕಂಡು ಎಣಿಸಿದ್ದೇನೆ."

ಇನ್ನೊಂದು ಸಣ್ಣ ವಿಷಯ. 1949ರಿಂದ 1980ರವರೆಗೆ ಮೂವತ್ತೆರಡು ಬೇಸಿಗೆಗಳಾಗುತ್ತವೆ. ನೀವು ಮೂವತ್ತೊಂದು ಎಂದು ಬರೆದಿದ್ದೀರಿ. ಕೈತಪ್ಪೇ?

ವಿರ್ಪಿ


ಸವಿಕುಲ್ಮಾ, 1 ಮಾರ್ಚ್ 1998

ವಿರ್ಪಿ,

ಹಾಳೆಯನ್ನು ಸಹಿಯಿಲ್ಲದೆ ವಾಪಸ್ ಕಳಿಸುತ್ತಿದ್ದೇನೆ. ಮೂವತ್ತೊಂದು ಕೈತಪ್ಪಲ್ಲ.

ಆರುನೂರ ಹನ್ನೆರಡನೆಯ ಪದರದವರೆಗೆ ಹಳೆಯ ಗುಂಡಿಯಲ್ಲಿ ಸಿಕ್ಕಿತ್ತು. ಅಲ್ಲಿಂದ ಮೇಲಿನದು ಹೊಸ ಗುಂಡಿಯಲ್ಲಿ. ನಡುವಿನ ಒಂದಿಷ್ಟು ಎರಡರಲ್ಲೂ ಇರಲಿಲ್ಲ. 1963ರಲ್ಲಿ ಹೊಸ ರಸ್ತೆಗೆ ಗುಡ್ಡದ ಬುಡ ಕಡಿದರು. ಆ ನಡುವಿನ ತುಂಡು ಅಲ್ಲಿ ಬಯಲಾಯಿತು. ಒಂದು ಬೇಸಿಗೆ ಮಾತ್ರ ತೆರೆದಿರುತ್ತದೆ, ಆಗಸ್ಟ್ ನಡುವಿಗೆ ಜಲ್ಲಿ ಸುರಿದು ಮುಚ್ಚುತ್ತೇವೆ ಎಂದು ಮೇಸ್ತ್ರಿ ನನಗೆ ಮೊದಲೇ ಹೇಳಿದ್ದ. ನಾನು ಎಣಿಸಲಿಲ್ಲ. ವಾಪಸ್ ಬಂದಾಗ ಜಲ್ಲಿ ಸುರಿದಾಗಿತ್ತು. ನಡುವೆ ಎಷ್ಟು ದಪ್ಪ ಜೇಡಿಯಿತ್ತು ಎಂದು ಅವನನ್ನೇ ಕೇಳಿದೆ. ಒಂದು ಮೀಟರ್ ನಲವತ್ತೆಂಟು ಎಂದ. ಪದರಕ್ಕೆ ನಾಲ್ಕು ಸೆಂಟಿಮೀಟರ್ ಎಂದು ಹಿಡಿದು ಮೂವತ್ತೇಳು ಗೆರೆಗಳನ್ನು ಅಡುಗೆಮನೆಯ ಮೇಜಿನ ಮೇಲೆ ಕೂತು ಎಳೆದೆ. ಯಾರಿಗೂ ಹೇಳಲಿಲ್ಲ. ಈ ಚಳಿಗಾಲ ಮೂರು ಸಲ ಎಣಿಸಿದೆ ಎಂದು ಬರೆದಿದ್ದೆನಲ್ಲ, ಮೂರು ಸಲವೂ ಆ ಸುಳ್ಳು ಗೆರೆಗಳನ್ನೂ ಸೇರಿಸಿಯೇ ಎಣಿಸಿದೆ.

ಬೆಂಕಿಬಂಡೆಯ ಸಂಗತಿ ಬರೆಯುವಾಗಲೇ ಇದು ಬರುತ್ತದೆ ಎಂದು ಗೊತ್ತಿತ್ತು. ನಿನ್ನ ಬಂಡೆ ಬಿದ್ದರೆ ನೀನು ನನ್ನ ಪಟ್ಟಿಯ ಕಡೆಗೇ ತಿರುಗುತ್ತೀಯ. ಗೋಡೆಯ ಮೇಲೆ ಇರುವವರೆಗೆ ಅದು ನನ್ನೊಬ್ಬನ ಪಾಪ, ನಿನ್ನ ಪ್ರಬಂಧಕ್ಕೆ ಬಂದರೆ ನಿನ್ನದೂ ಆಗುತ್ತದೆ.

ಆ ಬೇಸಿಗೆ ಎಲ್ಲಿದ್ದೆ ಎಂದು ನೀನು ಕೇಳುತ್ತೀಯ. ಔಲುವಿನಲ್ಲಿದ್ದೆ. ನೀವು ಹೋದ ಹನ್ನೊಂದನೆಯ ದಿನ ರೈಲು ಹತ್ತಿದೆ. ಬಂದರಿನ ಮರದ ಅಂಗಳದಲ್ಲಿ ಹಲಗೆ ಹೊರುವ ಕೆಲಸ ಸಿಕ್ಕಿತು. ಆರು ವಾರ ಇದ್ದೆ. ನಿನ್ನ ಅಮ್ಮ ಐಲಿಯ ಬಾಗಿಲಿಗೆ ಎರಡು ಸಲ ಹೋದೆ. ಐಲಿ ಬಾಗಿಲಲ್ಲೇ ನಿಂತು ಹೇಳಿದಳು: "ತೌನೊ, ಅವ್ಳು ಈಗಷ್ಟೇ ಅಳೋದು ನಿಲ್ಸಿದ್ದಾಳೆ. ನೀನು ಒಳಗೆ ಬರ್ತೀಯ, ಎರ್ಡು ದಿನ ಇರ್ತೀಯ, ಆಮೇಲೆ ನಿನ್ ಮಣ್ಣು ಕರೆಯತ್ತೆ, ಹೋಗ್ತೀಯ. ಮತ್ತೆ ಮೊದಲಿಂದ ಅಳ್ಸೋಕೆ ನನ್ ಕೈಲಾಗಲ್ಲ." ಅವಳು ಹೇಳಿದ್ದು ನ್ಯಾಯವಾಗಿತ್ತು.

ಮಧ್ಯಾಹ್ನದ ಊಟದ ಬಿಡುವಿನಲ್ಲಿ ಈಜುಶಾಲೆಯ ಬೇಲಿಯ ಹತ್ತಿರ ಬಂದು ನಿಲ್ಲುತ್ತಿದ್ದೆ. ನಿನಗೆ ಹಳದಿ ಟೋಪಿ ಇತ್ತು. ಎಲ್ಲ ಮಕ್ಕಳೂ ಕಟ್ಟೆಯಿಂದ ತಲೆಕೆಳಗಾಗಿ ಹಾರುತ್ತಿದ್ದರು, ನೀನು ಮೂಗು ಹಿಡಿದುಕೊಂಡು ನಿಲ್ಲುತ್ತಿದ್ದೆ. ಆಗಸ್ಟ್ ಹದಿನೇಳನೆಯ ತಾರೀಖು ಹಾರಿದೆ. ಅದನ್ನು ನೋಡಿ ವಾಪಸ್ ಬಂದೆ.

ಬಾರದೆ ಇದ್ದವನು ಎಂದೇ ನೀನು ತಿಳಿದುಕೊಂಡಿದ್ದೆ. ಹಾಗೇ ಇರಲಿ ಎಂದು ಸುಮ್ಮನಿದ್ದೆ, ಅದೂ ನನ್ನ ತಪ್ಪೇ. ನನ್ನ ಎಣಿಕೆಯನ್ನು ಕೈಬಿಡು. ಅದರಲ್ಲಿ ತೂತಿದೆ.

ತೌನೊ


ಔಲು, 10 ಮಾರ್ಚ್ 1998

ಅಪ್ಪ,

ಅಮ್ಮನ ಮನೆಗೆ ಹೋಗಿ ಕೇಳಿದೆ. ಹೆಣಿಗೆ ಕೆಳಗಿಡದೆಯೇ ಹೇಳಿದಳು: "ಬಂದಿದ್ದ. ನಾನೇ ಬೇಡ ಅಂದೆ. ಆಮೇಲೆ ಕರೆಯೋಣ ಅಂತಿದ್ದೆ, ವರ್ಷ ಕಳೀತು, ಮುಜುಗರ ಆಯ್ತು." ಅವಳ ಮೇಲೆ ಸಿಟ್ಟು ಬಂತು, ಈಗಲೂ ಇದೆ. ಹೋಗುತ್ತದೆ ಎಂದುಕೊಂಡಿದ್ದೇನೆ.

ಆ ಜೇಡಿ ರಸ್ತೆಯ ಕೆಳಗಷ್ಟೇ ಅಲ್ಲ, ಪಕ್ಕದ ಹೊಲದ ಅಡಿಯಲ್ಲೂ ಇರಲೇಬೇಕು. ನಿಮ್ಮ ಹತ್ತಿರ ಕೊರೆಯುವ ಯಂತ್ರ ಇರಲಿಲ್ಲ, ನನ್ನ ಹತ್ತಿರ ಇದೆ. ಮಾರ್ಚ್ 21, ಶನಿವಾರ, ನೆಲ ಇನ್ನೂ ಹೆಪ್ಪುಗಟ್ಟಿರುವಾಗಲೇ ಬರುತ್ತೇನೆ. ಹೊಲದವರನ್ನು ಕೇಳಿಡಿ. ಪಾಚಿಗಟ್ಟಿದ ಬಂಡೆಯೊಂದನ್ನೂ ನೀವೇ ಆರಿಸಿಡಿ.

ವಿರ್ಪಿ


ಸವಿಕುಲ್ಮಾ, 25 ಮಾರ್ಚ್ 1998

ವಿರ್ಪಿ,

ನಿನ್ನ ಒಂದು ಕೈಚೀಲ ಸೌನಾ ಸ್ನಾನಗೃಹದ ಬೆಂಚಿನ ಮೇಲೆ ಉಳಿದಿದೆ. ಅಂಚೆಯಲ್ಲಿ ಕಳಿಸುವುದಿಲ್ಲ, ಬಂದಾಗ ತೆಗೆದುಕೊಂಡು ಹೋಗು.

ಲೆಂಪಿ ವರದಿ ಕೊಟ್ಟಿದ್ದಾಳೆ. ನೀನು ಐದು ಲೋಟ ಕಾಫಿ ಕುಡಿದೆಯಂತೆ, ಏಲಕ್ಕಿ ಪುಲ್ಲಾ ಬನ್ನು ಎರಡೇ ತಿಂದೆಯಂತೆ. "ಪುಲ್ಲಾ ಮಾಡಿದ್ದು ನಾನು, ಕಾಫಿ ಮಾಡಿದ್ದು ನೀನು. ಅವ್ಳು ಅಪ್ಪನ ಕಡೆ ಸೇರ್ಕೊಂಡ್ಳು ಬಿಡು" ಎಂದು ಮುಖ ಊದಿಸಿಕೊಂಡಿದ್ದಾಳೆ. ಊರ ನಾಲಿಗೆಗೆ ಒಂದು ತಿಂಗಳ ಮೇವು ಸಿಕ್ಕಿದೆ.

ನಿನ್ನ ಕೊಳವೆಯಲ್ಲಿ ಎದ್ದು ಬಂದ ಮಣ್ಣನ್ನು ಬಗ್ಗಿ ನೋಡಿದೆ. ಮೂವತ್ತೈದು ವರ್ಷದಿಂದ ಕಾಣಬೇಕು ಎಂದಿದ್ದದ್ದು ಅದು. ಅಲ್ಲಿಯೇ ಎಣಿಸಿಬಿಡಬಹುದಿತ್ತು. ಚಾಕುವೂ ಜೇಬಲ್ಲಿತ್ತು. ನೀನು ಎಣಿಸಬೇಕಾದದ್ದು ಎಂದು ಸುಮ್ಮನಿದ್ದೆ.

ನನಗೆ ಸಂಖ್ಯೆ ಬೇಕು, ವಿರ್ಪಿ. ಮೂವತ್ತೇಳಲ್ಲದಿದ್ದರೂ ಸರಿ.

ಅಪ್ಪ


ಔಲು, 16 ನವೆಂಬರ್ 1998

ಅಪ್ಪ,

ತಡವಾಯಿತು. ಎಲ್ಲ ಒಟ್ಟಿಗೆ ಬರಲಿ ಎಂದು ಕಾದೆ.

ನೀವು ಆರಿಸಿದ ಬಂಡೆಯ ಉತ್ತರ ಬಂತು. ಹನ್ನೊಂದು ಸಾವಿರದ ಆರುನೂರು, ಮುನ್ನೂರೈವತ್ತು ಆಚೀಚೆ. ನಿಮ್ಮ ಎಣಿಕೆ ಅದರೊಳಗೆ ಕೂರುತ್ತದೆ.

ನಡುವಿನ ತುಂಡನ್ನು ಚಾಕುವಿನಲ್ಲಿ ಹೆರೆದು, ಕಾಗದದ ಪಟ್ಟಿ ಒತ್ತಿ, ಪೆನ್ಸಿಲ್ಲಿನಲ್ಲಿ ಎಣಿಸಿದೆ. ಮೊದಲ ಸಲ ನಲವತ್ತೆರಡು ಬಂತು, ಆಮೇಲೆ ಐದು ಸಲವೂ ನಲವತ್ತೊಂದು. ನೀವು ನಾಲ್ಕು ವರ್ಷ ಕಡಿಮೆ ಹಿಡಿದಿದ್ದಿರಿ. ಅದರಲ್ಲಿ ಒಂಬತ್ತು ಪದರ ಬೇರೆಯವುಗಳಿಗಿಂತ ಎರಡು ಪಟ್ಟು ದಪ್ಪ. ಆ ಒಂಬತ್ತು ವರ್ಷ ಹಿಮ ಹಿಂದಕ್ಕೆ ಹೋಗುವುದನ್ನು ಬಿಟ್ಟು ಮುಂದಕ್ಕೆ ಬಂದಿತ್ತು, ಆಮೇಲೆ ಮತ್ತೆ ಸರಿಯಿತು. ಇದು ಯಾರಿಗೂ ಗೊತ್ತಿರಲಿಲ್ಲ. ಮಾರ್ಗದರ್ಶಕರು ಈಗ ಪ್ರಬಂಧದ ಮುಖ್ಯ ಸಂಗತಿ ಅದೇ ಎನ್ನುತ್ತಿದ್ದಾರೆ. ಹಿಮ ಗುಡ್ಡ ಬಿಟ್ಟದ್ದು ಹನ್ನೊಂದು ಸಾವಿರದ ಏಳುನೂರ ಎಂಬತ್ತನಾಲ್ಕು ವರ್ಷಗಳ ಹಿಂದೆ. ಮದುವೆ ಊಟಕ್ಕೆ ಬಂದವರಿಗೆ ಹಾಗೆಂದು ಹೇಳಿ.

ಬೆಂಕಿಬಂಡೆಯ ವಿಷಯವನ್ನೂ ಒಂದು ಪುಟ ಬರೆದಿದ್ದೇನೆ, ನನ್ನ ತಪ್ಪೆಂದೇ. ಇನ್ನೊಬ್ಬರು ಬೀಳದಿರಲಿ.

ನೀವು ಸಹಿ ಹಾಕದ ಹಾಳೆಯ ಬದಲು ಪ್ರತಿ ತುಂಡನ್ನೂ ಎಣಿಸಿದವರು ಯಾರು ಎಂದು ಪಟ್ಟಿ ಹಾಕಿದ್ದೇನೆ. ಒಂದರಿಂದ ಆರುನೂರ ಹನ್ನೆರಡು: ತೌನೊ ಕೈವೊಲಾ. ಅಲ್ಲಿಂದ ಆರುನೂರ ಐವತ್ತಮೂರು: ವಿರ್ಪಿ ಕೈವೊಲಾ. ಅದರ ಮೇಲಿನದೆಲ್ಲ ಮತ್ತೆ ತೌನೊ ಕೈವೊಲಾ. ಅಚ್ಚಿನ ಮನೆಯ ಕರಡು ತಿದ್ದುವವರು ಕೈವೊಲಾ ಎಂಬ ಒಂದೇ ಹೆಸರು ಮೂರು ಸಾಲು ಬಂದಿದೆ ಎಂದುಕೊಂಡು ನಡುವಿನದಕ್ಕೆ ಕೆಂಪು ಗೆರೆ ಎಳೆದು ಕಳಿಸಿದ್ದರು. ಫೋನ್ ಮಾಡಿದೆ. "ಅಲ್ಲಮ್ಮಾ, ಮೂರೂ ಒಬ್ರೇ ತಾನೆ?" ಎಂದು ಕೇಳಿದರು.

ಇಬ್ಬರು ಎಂದೆ. ಗೆರೆ ತೆಗೆಸಿದೆ.

ನಿಮ್ಮ ಮಗಳು,
ವಿರ್ಪಿ